ನಡೆಯುತ್ತ ಕೇಳಿದ ಪ್ರಶ್ನೆ

ಬಸವನ ಬಾಗೇವಾಡಿಯಲ್ಲಿ ನಮ್ಮ ತರಬೇತಿ ಶುರುವಾದದ್ದು ಒಂದು ಕಿಟಕಿಯ ಮುಂದೆ. ಮಹಡಿಯ ಮೇಲಿನ ಸಭಾಂಗಣದಲ್ಲಿ ಕುರ್ಚಿಗಳನ್ನು ಸಾಲಾಗಿ ಹಾಕಿದ್ದರು, ನೀರಿನ ಬಾಟಲಿ ಇಟ್ಟಿದ್ದರು. ಆದರೆ ನಮಗೆ ಕಲಿಸಲು ಬಂದಿದ್ದ ಮೇಡಂ ಯಾರನ್ನೂ ಕೂರಗೊಡಲಿಲ್ಲ. ಎಲ್ಲರನ್ನೂ ಕಿಟಕಿಯ ಹತ್ತಿರ ಕರೆದು ಕೆಳಗಿನ ರಸ್ತೆಯನ್ನು ತೋರಿಸಿದರು.

"ನೋಡ್ರಿ. ಮುಖಾ ನೋಡಬ್ಯಾಡ್ರಿ. ಕಾಲು ನೋಡ್ರಿ, ಕೈ ನೋಡ್ರಿ. ಇವರೊಳಗ ಯಾರು ಬೀಳೋರಿದ್ದಾರ, ಹೇಳ್ರಿ."

ನಾವು ನಕ್ಕೆವು. ಅವರು ನಗಲಿಲ್ಲ.

ಸಿಂದಗಿಯಲ್ಲಿ ನನ್ನದೊಂದು ಸಣ್ಣ ಫಿಸಿಯೋಥೆರಪಿ ಕ್ಲಿನಿಕ್ ಇದೆ. ಅಲ್ಲಿಗೆ ಬರುವ ಹಿರಿಯರೆಲ್ಲ ಬಿದ್ದ ಮೇಲೆ ಬರುವವರು. ಬಚ್ಚಲಲ್ಲಿ ಜಾರಿದವರು, ಹೊಸ್ತಿಲು ಎಡವಿದವರು, ಬಸ್ಸಿನಿಂದ ಇಳಿಯುವಾಗ ಮುಗ್ಗರಿಸಿದವರು. ಮೂಳೆ ಕೂಡಿದ ಮೇಲೆ ಮನೆಯವರು ನನ್ನ ಬಳಿ ಕರೆತರುತ್ತಾರೆ. ನಾನು ಎಬ್ಬಿಸಿ ನಿಲ್ಲಿಸುತ್ತೇನೆ. ಕೆಲವರು ನಡೆಯುತ್ತಾರೆ. ಬಹಳ ಮಂದಿ ಗೋಡೆ ಹಿಡಿದು ನಾಲ್ಕು ಹೆಜ್ಜೆ ಹಾಕಿ, ಇನ್ನು ಸಾಕೆಂದು ಕೂತುಬಿಡುತ್ತಾರೆ. ಕೂತವರ ಸುದ್ದಿಯನ್ನು ಮುಂದೆ ಎಂದಾದರೂ ಯಾರೋ ತರುತ್ತಾರೆ, ಮತ್ತು ಅದು ಯಾವ ಸುದ್ದಿಯೆಂದು ತರುವವರ ಮುಖ ನೋಡಿದರೇ ನನಗೆ ತಿಳಿಯುತ್ತದೆ. ಬೀಳುವ ಮೊದಲೇ ಅವರನ್ನು ಹಿಡಿಯಲು ಬರುವುದೇ ಎಂಬ ಆಸೆಯಿಂದ ನಾನು ಆ ತರಬೇತಿಗೆ ಸೇರಿದ್ದು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ತಾಲೂಕುಗಳ ಹಳ್ಳಿಗಳಲ್ಲಿ ವಯಸ್ಸಾದವರ ಓಡಾಟ ಹೇಗೆ ಕುಗ್ಗುತ್ತದೆ, ಕುಗ್ಗದಂತೆ ಏನು ಮಾಡಬಹುದು ಎಂದು ವರ್ಷಗಟ್ಟಲೆ ನೋಡುತ್ತ ಹೋಗುವ ಸಂಶೋಧನೆ ಅದು. ನಮ್ಮನ್ನು ಅದಕ್ಕೆ ಅಣಿ ಮಾಡಬೇಕಾದವರು ಮೇಡಂ. ಕಾಲೇಜಿನ ಕೆಲಸದಿಂದ ನಿವೃತ್ತರಾಗಿದ್ದರು. ಮದುವೆಯಾಗಿರಲಿಲ್ಲ. ಇಂಡಿಯಲ್ಲಿ ತಮ್ಮನ ಸಂಸಾರದೊಂದಿಗೆ ಇದ್ದರು. ಮನೆಯೊಳಗೆ ಮರಾಠಿ, ಹೊಸ್ತಿಲಾಚೆ ಕನ್ನಡ. ತೆಳ್ಳನೆ ದೇಹ, ನೆಟ್ಟಗಿನ ಬೆನ್ನು, ನೂಲಿನ ಸೀರೆ, ಕಾಲಿಗೆ ಕ್ಯಾನ್ವಾಸ್ ಬೂಟು. ನಮ್ಮಲ್ಲಿ ಯಾರಾದರೂ ಕಾಲೆಳೆದುಕೊಂಡು ಒಳಗೆ ಬಂದರೆ ಹೊರಗೆ ಕಳಿಸಿ ಮತ್ತೆ ನಡೆದು ಬರಲು ಹೇಳುತ್ತಿದ್ದರು.

ಅವರು ಕಲಿಸಿದ ಪರೀಕ್ಷೆಗಳಿಗೆಲ್ಲ ಏನಾದರೊಂದು ಸಾಮಾನು ಬೇಕಿತ್ತು: ಅಳತೆಯ ಟೇಪು, ಕೈಯಿಲ್ಲದ ಕುರ್ಚಿ, ಗಡಿಯಾರ. ಒಂದಕ್ಕೆ ಮಾತ್ರ ಏನೂ ಬೇಡ. ಹಿರಿಯರ ಪಕ್ಕದಲ್ಲಿ ನಡೆಯುತ್ತ ಹೋಗಬೇಕು. ಹೋಗುತ್ತ ಏನಾದರೂ ಕೇಳಬೇಕು.

"ಏನು ಕೇಳಬೇಕ್ರಿ ಮೇಡಂ?" ಎಂದಳು ನಮ್ಮ ಜೊತೆಯ ನರ್ಸ್.

"ಏನರೆ ಕೇಳು. ಇವತ್ತ ಏನು ಅಡಿಗಿ ಅಂತ ಕೇಳು. ನಡಕೋತನs ಉತ್ತರಾ ಕೊಟ್ರ ಚಿಂತಿ ಇಲ್ಲ. ಉತ್ತರಾ ಕೊಡ್ಲಿಕ್ಕೆ ನಿಂತ್ರ, ಅವರ ಮ್ಯಾಲೆ ಕಣ್ಣಿಡು."

"ಯಾಕ್ರಿ?"

"ನಡಿಗಿ ತಾನs ನಡೀತಿರಬೇಕು. ಕಾಲು ಎತ್ತಿ ಇಡ್ಲಿಕ್ಕೆ ಬುದ್ಧಿ ಪೂರಾ ಖರ್ಚಾಗ್ಲಿಕ್ಕತ್ತು ಅಂದ್ರ, ಮಾತಿಗೆ ಏನೂ ಉಳಿಯೂದಿಲ್ಲ. ಅಂಥವರು ಬೀಳ್ತಾರ. ಇವತ್ತಲ್ಲ ನಾಳೆ."

ಅವತ್ತಿನಿಂದ ನನ್ನ ಕಣ್ಣು ನನ್ನ ಮಾತು ಕೇಳದಾಯಿತು. ಸಿಂದಗಿಯ ಬಸ್‌ಸ್ಟ್ಯಾಂಡಿನಲ್ಲಿ, ಕಿರಾಣಿ ಅಂಗಡಿಯ ಮುಂದೆ, ಮದುವೆಯ ಊಟದ ಪಂಕ್ತಿಯಲ್ಲಿ, ಎಲ್ಲೆಂದರಲ್ಲಿ ಹಿರಿಯರ ಕಾಲುಗಳೇ ಕಾಣತೊಡಗಿದವು. ಹೋದ ವರ್ಷ ಚೆನ್ನಾಗಿದ್ದ ನೆರೆಮನೆಯ ಮುತ್ಯಾ ಈಗ ತಿರುಗುವಾಗ ಒಂದೇ ಸಲ ತಿರುಗದೆ ಚೂರು ಚೂರೇ ತಿರುಗುತ್ತಿದ್ದಾನೆ ಎಂಬುದು ಕಂಡಿತು. ಕಂಡದ್ದನ್ನು ಕಾಣದಂತೆ ಮಾಡಿಕೊಳ್ಳಲು ಬರಲಿಲ್ಲ. "ಮಂದಿ ಕಾಲು ನೋಡೂದು ಬಿಡು, ಯಾರರೆ ಬೈದಾರು," ಎಂದು ನನ್ನ ಗಂಡ ಗೊಣಗಿದ.

ಹಳ್ಳಿಗಳಲ್ಲಿ ಕೆಲಸ ಶುರುವಾದಾಗ ಇಂಡಿ ತಾಲೂಕಿನ ಅಗರಖೇಡ ನನ್ನ ಪಾಲಿಗೆ ಬಂತು. ಅಲ್ಲೊಂದು ಮಾಳಿಗೆ ಮನೆ. ಗಂಡುಮಕ್ಕಳು, ಸೊಸೆಯರು, ಮೊಮ್ಮಕ್ಕಳು, ಮರಿಮಕ್ಕಳು ಎಂದು ಮನೆ ತುಂಬಿ ತುಳುಕುತ್ತಿತ್ತು. ಅದರ ನಡುವೆ ಆಯಿ, ಎಲ್ಲರ ಅಜ್ಜಿ. ಬೆಳಗಾದರೆ ಕೊಟ್ಟಿಗೆಗೆ ಹೋಗಿ ಎಮ್ಮೆಗಳನ್ನು ಮಾತಾಡಿಸುವುದು, ಆಮೇಲೆ ಓಣಿಯ ತುದಿಯ ಗುಡಿಕಟ್ಟೆಗೆ ಹೋಗಿ ವಾರಗೆಯವರ ಜೊತೆ ಊರ ಸುದ್ದಿ ಆಡಿ ಬರುವುದು ಅವಳ ದಿನಚರಿ. ಮೊದಲ ಸಲ ಹೋದಾಗ ಅವಳ ಜೊತೆ ಕಟ್ಟೆಯವರೆಗೆ ನಡೆದೆ.

"ಆಯಿ, ಮುಂಜಾನಿ ಏನು ಉಂಡ್ರಿ?"

ಆಯಿ ನಿಂತಳು. "ಉಣ್ಣೂದೇನವ್ವಾ, ರೊಟ್ಟಿ, ಬದನೀಕಾಯಿ ಪಲ್ಯಾ. ನೀ ಉಂಡಿ?" ಎಂದು ಹೇಳಿ ಮತ್ತೆ ಹೊರಟಳು.

ತುಸು ದೂರ ಹೋದ ಮೇಲೆ ಮೊಮ್ಮಕ್ಕಳೆಷ್ಟು ಎಂದು ಕೇಳಿದೆ. ಮತ್ತೆ ನಿಂತು ಬೆರಳು ಮಡಚತೊಡಗಿದಳು. ಎಣಿಸಬೇಕಲ್ಲ, ಅದಕ್ಕೇ ನಿಂತಳೆಂದು ನನ್ನನ್ನೇ ಸಮಾಧಾನ ಮಾಡಿಕೊಂಡೆ. ಕಟ್ಟೆ ಹತ್ತಿರ ಬಂದಾಗ, ಬರೀ ಹೂಂ ಎನ್ನಬಹುದಾದ ಪ್ರಶ್ನೆ ಹಾಕಿದೆ.

"ಬಿಸಲು ಬಾಳ ಆತಲ್ರಿ ಆಯಿ?"

ಆಯಿ ಅದಕ್ಕೂ ನಿಂತಳು. ಓಣಿಯ ನಡುವೆ, ಎರಡೂ ಪಾದ ಊರಿಕೊಂಡು, "ಹೂಂ ನೋಡವ್ವಾ" ಎಂದಳು. ಹಲ್ಲಿಲ್ಲದ ಬಾಯಿ ತೆರೆದು ನಗುತ್ತಿದ್ದ ಆ ಮುಖವನ್ನು ನೋಡಲಾಗಲಿಲ್ಲ.

ತರಬೇತಿಯ ನಿಯಮದಂತೆ ಅಪಾಯ ಕಂಡರೆ ಮನೆಯವರಿಗೆ ತಿಳಿಸಬೇಕು. ಪಡಸಾಲೆಯಲ್ಲಿ ಕೂತು ಅವಳ ಹಿರಿಯ ಮಗನಿಗೆ ಬಿಡಿಸಿ ಹೇಳಿದೆ.

"ಆಯೀನ ಅಡ್ಡಾಡಾಕ ಬಿಡ್ರಿ. ನಡೀಲೇಬೇಕು. ಆದ್ರ ಜೋಡಿ ಒಬ್ಬರು ಇರ್ರಿ. ಕುರ್ಚಿ ಮ್ಯಾಲಿಂದ ಎದ್ದು ಕೂಡೂದು ದಿನಾ ಮಾಡಸ್ರಿ, ಕಾಲಿಗೆ ಶಕ್ತಿ ಬರ್ತೈತಿ. ಇಲ್ಲಂದ್ರ ಬೀಳೂ ಸಂಭವ ಐತ್ರಿ."

"ಬೀಳ್ತಾಳೇನ್ರಿ?" ಎಂದ ಅವನು. ನಾನು ಹೇಳಿದ ಅಷ್ಟರಲ್ಲಿ ಅವನ ಕಿವಿಗೆ ಬಿದ್ದದ್ದು ಅದೊಂದೇ.

ಮುಂದಿನ ಸಲ ಹೋದಾಗ ಆಯಿ ಪಡಸಾಲೆಯಲ್ಲಿ ಹೊಸ ಮಂಚದ ಮೇಲಿದ್ದಳು. ದಪ್ಪ ಗಾದಿ, ಒರಗಲು ಲೋಡು, ಕೈಗೆಟಕುವಲ್ಲಿ ನೀರಿನ ತಂಬಿಗೆ. ಕರೆಯಬೇಕೆಂದರೆ ಬಡಿಯಲು ಒಂದು ಸ್ಟೀಲಿನ ತಾಟು. ಕೊಟ್ಟಿಗೆಗೆ ಹೋಗುವಂತಿರಲಿಲ್ಲ, ಕಟ್ಟೆಗಂತೂ ಇಲ್ಲವೇ ಇಲ್ಲ.

"ಏನ್ ಹೇಳಿದೆವ್ವಾ ಇವರಿಗೆ ನೀ?" ಎಂದಳು ಆಯಿ. "ನನ್ನ ದೇವರ ಮಾಡಿ ಕುಂಡ್ರಿಸ್ಯಾರ ನೋಡು. ಎದ್ದೆ ಅಂದ್ರ ನಾಕ ಮಂದಿ ಓಡಿ ಬರ್ತಾರ."

ಸೀರೆಯನ್ನು ತುಸು ಸರಿಸಿ ಅವಳ ಮೀನಖಂಡ ಮುಟ್ಟಿದೆ. ಗಟ್ಟಿಯಾಗಿದ್ದ ಸ್ನಾಯು ನೆನೆದ ಬಟ್ಟೆಯಂತೆ ಕೈಗೆ ಬಂತು. ಮಗನನ್ನು ಹೊರಗೆ ಕರೆದು ಮತ್ತೆ ಹೇಳಿದೆ. ಕೂರಿಸಿದರೆ ಇನ್ನೂ ಬೇಗ ಬೀಳುತ್ತಾಳೆ ಎಂದೆ. ಅವನು ಕೆಟ್ಟವನಲ್ಲ. ತಲೆ ಬಗ್ಗಿಸಿಕೊಂಡು ಕೇಳಿದ.

"ನೀವು ಹೇಳೂದು ಖರೇ ಇರಬೇಕ್ರಿ. ಆದ್ರ ಮನ್ಯಾಗ ಇಷ್ಟು ಮಂದಿ ಇದ್ದು ಮುದುಕೀನ ಬೀಳಾಕ ಬಿಟ್ರು ಅಂತ ನಾಳೆ ಊರಾಗ ಅಂತಾರ. ಕುಂತಕಿ ಹೆಂಗ್ ಬೀಳ್ತಾಳ್ರಿ?"

ಕುಂತಕಿ ಒಂದು ಮಧ್ಯಾಹ್ನ ಎದ್ದಳು. ಅಂಗಳದಲ್ಲಿ ಒಣಹಾಕಿದ್ದ ಜೋಳಕ್ಕೆ ಕರು ಬಾಯಿ ಹಾಕಿತ್ತಂತೆ. ತಾಟು ಬಡಿದಳಂತೆ, ಹೆಂಗಸರು ಹಿತ್ತಲಲ್ಲಿ ನೀರು ಹಿಡಿಯುತ್ತಿದ್ದುದರಿಂದ ಯಾರಿಗೂ ಕೇಳಲಿಲ್ಲ. ಎದ್ದು ಒಂದು ಹೆಜ್ಜೆ ಇಟ್ಟಿದ್ದಾಳೆ, ಎರಡನೆಯ ಕಾಲು ಬಂದಿಲ್ಲ. ಟೊಂಕದ ಎಲುಬು ಮುರಿಯಿತು. ಸೊಲ್ಲಾಪುರಕ್ಕೆ ಒಯ್ದರು, ಆಪರೇಷನ್ ಆಯಿತು, ಮನೆಗೂ ಬಂದಳು. ಆದರೆ ಆ ಮಂಚದಿಂದ ಮತ್ತೆ ಏಳಲಿಲ್ಲ. ಎಳ್ಳಮಾವಾಸ್ಯೆಗೆ ಮುಂಚೆ ತೀರಿಕೊಂಡಳು.

ಸಾವಿನ ಮನೆಗೆ ಮಾತಾಡಿಸಲು ಹೋದಾಗ ಮಗ ನನ್ನ ಮೇಲೆ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಎಷ್ಟೋ ವಾಸಿಯಿತ್ತು. ಎದ್ದು ನಿಂತು, ಎರಡೂ ಕೈ ಮುಗಿದು, ನೆರೆದವರಿಗೆಲ್ಲ ಕೇಳುವಂತೆ ಹೇಳಿದ: "ಬಾಯಾರು ಮೊದಲs ಹೇಳಿದ್ರು ನೋಡ್ರಿ, ಬೀಳ್ತಾಳ ಅಂತ. ಹಂಗs ಆತು." ಕೂತಿದ್ದವರೆಲ್ಲ ನನ್ನತ್ತ ತಿರುಗಿದರು. ಆ ನೋಟದಲ್ಲಿ ಇದ್ದದ್ದು ಗೌರವವಲ್ಲ.

ಹೊರಗೆ ಬಂದು ಓಣಿಯಲ್ಲಿ ಹೋಗುತ್ತಿದ್ದಾಗ ಕೋಲೂರಿಕೊಂಡು ಎದುರಿಗೆ ಬರುತ್ತಿದ್ದ ಮುದುಕನೊಬ್ಬ ನನ್ನನ್ನು ಕಂಡು ಗೋಡೆಗೆ ಒರಗಿ ನಿಂತುಬಿಟ್ಟ. "ನನ್ನ ನೋಡಬ್ಯಾಡವ್ವಾ," ಎಂದ. "ನೀ ಹೋಗು ಮೊದಲ. ಆಮ್ಯಾಲೆ ನಾ ನಡೀತೇನಿ." ಹಿಂದೆ ಯಾವುದೋ ಬಾಗಿಲಿನಿಂದ ಹೆಂಗಸಿನ ದನಿ ಕೇಳಿತು: "ಆಕಿ ಕಣ್ಣಿಗೆ ಬಿದ್ದವರು ಬೀಳ್ತಾರಂತ."

ಇದನ್ನೆಲ್ಲ ಮೇಡಂಗೆ ಹೇಳಬೇಕೆಂದು ಕಾಯುತ್ತಿದ್ದೆ. ಅವಕಾಶ ಸಿಕ್ಕಿದ್ದು ಮುದ್ದೇಬಿಹಾಳದ ಕಡೆ ಹೋಗುವಾಗ. ಅವರು ಇಂಡಿಯಿಂದ ಸಿಂದಗಿಗೆ ಬಂದರು; ಅಲ್ಲಿಂದ ಇಬ್ಬರೂ ಕೂಡಿ ಬಸ್ಸು ಹತ್ತಿ ತಾಳಿಕೋಟೆಯಲ್ಲಿ ಇಳಿದೆವು. ಮುದ್ದೇಬಿಹಾಳದ ಬಸ್ಸಿಗೆ ಹೊತ್ತಿತ್ತು. ಚಹಾ ಕುಡಿಯೋಣವೆಂದು ಸ್ಟ್ಯಾಂಡಿನಿಂದ ಹೊರಗೆ ಹೊರಟೆವು. ದಾರಿಯಲ್ಲಿ ಆಯಿಯ ಕಥೆಯನ್ನು ಪೂರ್ತಿ ಹೇಳಿದೆ. ಅವರು ತಲೆಯಾಡಿಸುತ್ತ ನಡೆಯುತ್ತಿದ್ದರು.

"ನಾ ಅವರಿಗೆ ಹೇಳಬಾರದಿತ್ತೇನ್ರಿ ಮೇಡಂ?"

ಮೇಡಂ ನಿಂತರು. "ಹೇಳದs ಇದ್ರೂ ಬೀಳ್ತಿದ್ಳು. ನೀ ಬೀಳಿಸಿಲ್ಲ," ಎಂದರು. ಮತ್ತೆ ಹೆಜ್ಜೆ ಹಾಕಿದರು.

ಮಾತು ಗಟ್ಟಿಯಾದದ್ದು, ಅದಕ್ಕೇ ನಿಂತು ಹೇಳಿದರು ಎಂದುಕೊಂಡೆ. ಅಷ್ಟರಲ್ಲಿ ಎದುರಿನಿಂದ ಟಂಟಂ ಗಾಡಿಯೊಂದು ಬಂತೆಂದು ನಾನು ಒಂದು ಹೆಜ್ಜೆ ಹಿಂದಾದೆ. ಹಿಂದಿನಿಂದ ಅವರ ಕೈ ಕಂಡಿತು. ಬಲಗೈ ಎಂದಿನಂತೆ ಹಿಂದೆ ಮುಂದೆ ಬೀಸುತ್ತಿತ್ತು. ಎಡಗೈ ಬೀಸುತ್ತಿರಲಿಲ್ಲ. ಅದರಲ್ಲಿ ಚೀಲವಿರಲಿಲ್ಲ, ಕೊಡೆಯಿರಲಿಲ್ಲ. ಖಾಲಿ ಕೈ ಸೊಂಟದ ಪಕ್ಕದಲ್ಲಿ ಸುಮ್ಮನೆ ಇತ್ತು, ಬೇರೆ ಯಾರದೋ ಕೈಯನ್ನು ಅವರು ಹೊತ್ತು ನಡೆಯುತ್ತಿರುವಂತೆ.

ಮುಂದಿನ ಪ್ರಶ್ನೆಯನ್ನು ನಾನು ಕೇಳಬಾರದೆಂದೇ ಇದ್ದೆ. ಬಾಯಿ ಕೇಳಿಬಿಟ್ಟಿತು.

"ಮುದ್ದೇಬಿಹಾಳ ಬಸ್ಸು ಇಲ್ಲೇ ಬರ್ತೈತೇನ್ರಿ?"

ಮೇಡಂ ನಿಂತರು. ಸುತ್ತ ಮೆಣಸಿನಕಾಯಿ ಚೀಲ ಹೊತ್ತವರು, ಸೈಕಲ್ಲಿನವರು ಬೈಯುತ್ತ ಬಳಸಿಕೊಂಡು ಹೋಗುತ್ತಿದ್ದರು. ರಸ್ತೆಯ ನಟ್ಟನಡುವೆ ನಿಂತು, ಎರಡೂ ಪಾದ ಊರಿ, "ಹೂಂ" ಎಂದರು. ಆಮೇಲೆ ನಡೆದರು.

ಮುದ್ದೇಬಿಹಾಳದ ಬಸ್ಸಿನಲ್ಲಿ ಅವರ ಪಕ್ಕದಲ್ಲೇ ಕೂತೆ. ಕಿಟಕಿಯಾಚೆ ತೊಗರಿ ಹೊಲಗಳು ಒಂದೇ ಸಮನೆ ಓಡುತ್ತಿದ್ದವು. ಮೇಡಂ ತೂಕಡಿಸುತ್ತಿದ್ದರು. ಎಡಗೈ ತೊಡೆಯ ಮೇಲೆ ಅಂಗಾತ ಬಿದ್ದಿತ್ತು. ನಡುಗುತ್ತಿರಲಿಲ್ಲ, ಅಷ್ಟೇ ಸಮಾಧಾನ. ಆದರೆ ಕೈಕಾಲಿನ ಚಲನೆಯನ್ನು ಮೆಲ್ಲಗೆ ಕಟ್ಟಿಹಾಕುವ ನರರೋಗದ ಶುರುವಿನಲ್ಲಿ ಎಲ್ಲರಿಗೂ ನಡುಕ ಬರಲೇಬೇಕೆಂದಿಲ್ಲ ಎಂದು ನಮಗೆ ಕಲಿಸಿದ್ದು ಅವರೇ. ಹೇಳಿದರೆ ಏನಾಗುತ್ತದೆಂದು ಅಗರಖೇಡದಲ್ಲಿ ನೋಡಿ ಬಂದಿದ್ದೆ. ಹೇಳದಿದ್ದರೆ ಏನಾಗುತ್ತದೆ ಎಂಬುದೂ ಗೊತ್ತಿತ್ತು.

ಕೆಲಸ ಮುಗಿದ ಮೇಲೆ, ನಾವು ಉಳಿದುಕೊಂಡಿದ್ದ ಕಡೆ, ಉದ್ದನೆಯ ವರಾಂಡದಲ್ಲಿ ಅವರು ಬೂಟಿನ ಲೇಸು ಬಿಚ್ಚುತ್ತಿದ್ದಾಗ ಹೇಳಿದೆ. ಸುತ್ತಿ ಬಳಸಲಿಲ್ಲ. ನಿಂತದ್ದನ್ನು ಹೇಳಿದೆ, ಕೈಯ ಸಂಗತಿ ಹೇಳಿದೆ.

ಅವರು ಮುಖವೆತ್ತಲಿಲ್ಲ. "ಯಾವತ್ತ ನೋಡಿದಿ?"

"ಇವತ್ತ್ರಿ."

ಲೇಸನ್ನು ಮತ್ತೆ ಕಟ್ಟಿದರು. ಎಡಗೈ ಬೆರಳುಗಳಿಗೆ ಗಂಟು ಸಿಗಲು ಹೊತ್ತು ಹಿಡಿಯಿತು. ಎದ್ದು ವರಾಂಡದ ತುದಿಗೆ ಹೋಗಿ ನಿಂತು, "ಬಾ. ಬಾಜೂಕ ನಡಿ. ಕೇಳು ಏನರೆ," ಎಂದರು.

ಪಕ್ಕದಲ್ಲಿ ನಡೆದೆ. "ನಿಮ್ಮ ತಮ್ಮನ ಮಗಳು ಏನು ಓದ್ತಾಳ್ರಿ?"

ಈ ಸಲ ನಿಲ್ಲಬಾರದೆಂದು ಅವರು ಹಟ ಹಿಡಿದಿದ್ದರು. ನಡೆಯುತ್ತಲೇ "ಬಿ.ಎಸ್ಸಿ., ಎರಡನೇ…" ಎಂದರು. ಎಡಗಾಲು ನೆಲಕ್ಕೆ ಸರ್ರೆಂದು ಸವರಿತು. ಮಾತು ಅಲ್ಲಿಗೆ ತುಂಡಾಯಿತು. ದೇಹ ಮುಂದಕ್ಕೆ ವಾಲಿತು. ನಾನು ಕೈ ಚಾಚುವಷ್ಟರಲ್ಲಿ ಕಂಬವನ್ನು ತಬ್ಬಿಕೊಂಡಿದ್ದರು. ಕಂಬ ಬಿಡದೆ ಮೆಲ್ಲಗೆ ನೆಟ್ಟಗಾದರು.

"ಚಲೋ ಕಲ್ತಿ," ಎಂದರು ಕೊನೆಗೆ. ಮೆಚ್ಚುಗೆಯೋ ಬೈಗುಳವೋ ತಿಳಿಯಲಿಲ್ಲ. ಆಮೇಲೆ ನನ್ನ ಮಣಿಕಟ್ಟು ಹಿಡಿದುಕೊಂಡರು. "ನೋಡು ತಂಗಿ, ನಮ್ಮ ಮನಿಯೊಳಗ ಈಗs ಹೇಳಬ್ಯಾಡ. ನನ್ನ ಕೂಡಸ್ತಾರ."

ಸಂಶೋಧನೆಗಾಗಿ ಊರೂರು ತಿರುಗಿ, ನಡೆಯಿರಿ ನಡೆಯಿರಿ ಎಂದು ಸಾರಿದ ಹೆಂಗಸು ಆ ಒಂದು ಮಾತು ಆಡುವಾಗ ಪುಟ್ಟ ಹುಡುಗಿಯ ಹಾಗೆ ಹೆದರಿದ್ದರು.

ಸೊಲ್ಲಾಪುರದ ನರರೋಗ ತಜ್ಞರ ಬಳಿಗೆ ನಾವಿಬ್ಬರೇ ಹೋದೆವು. ಪಾರ್ಕಿನ್ಸನ್ ಎಂದರು. ಗುಳಿಗೆ ಕೊಟ್ಟರು. ವ್ಯಾಯಾಮ ಬಿಡಬೇಡಿ ಎಂದು ಅವರು ಹೇಳಲು ಬಾಯಿ ತೆರೆದಾಗ ಮೇಡಂ ಕೈಯೆತ್ತಿ ತಡೆದು, "ಅದು ನಂಗ ಗೊತ್ತದರಿ," ಎಂದರು.

ಬಾಗೇವಾಡಿಯಲ್ಲಿ ಮುಂದಿನ ತರಬೇತಿ ನಡೆದಾಗ ಅವರು ರಜೆ ಹಾಕುತ್ತಾರೆ ಎಂದುಕೊಂಡಿದ್ದೆ. ಬಂದರು. ಹೊಸಬರು, ಹಳಬರು ಎಲ್ಲ ಕೂತಿದ್ದೆವು. ಮೇಡಂ ಬಾಗಿಲಿನಿಂದ ಎದುರಿನ ಗೋಡೆಯವರೆಗೆ ನಡೆದು ಹೋಗಿ, ತಿರುಗಿ, ಬಂದರು.

"ಏನ್ ಕಂಡ್ರಿ?"

ಹೊಸದಾಗಿ ಸೇರಿದ್ದ ಮುದ್ದೇಬಿಹಾಳದ ಫಿಸಿಯೋ ಒಬ್ಬ ಎದ್ದು ನಿಂತು, "ಚಲೋ ಐತ್ರಿ ಮೇಡಂ ನಡಿಗಿ," ಎಂದ.

"ಚಲೋ ಅನ್ನೂದು ಕಲಸ್ಲಿಕ್ಕೆ ಇಷ್ಟು ದೂರ ಬಂದೀನೇನು ನಾ?" ಅವರ ದನಿ ಏರಿತು. "ಮತ್ತ ನಡೀತೀನಿ. ಮುಖಾ ನೋಡಬ್ಯಾಡ್ರಿ."

ಎರಡನೆಯ ಸಲ ಅವರು ಗೋಡೆಯ ಹತ್ತಿರ ಚೂರು ಚೂರೇ ತಿರುಗುವುದನ್ನು ಎಲ್ಲರೂ ನೋಡಿದರು. ಮೊದಲ ತರಬೇತಿಯಲ್ಲಿ ನಮ್ಮ ಜೊತೆಗಿದ್ದ ನರ್ಸ್ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಎಡಗೈ ಬೀಸವಲ್ತರಿ ಮೇಡಂ," ಎಂದು ಹೇಳಿ ಅತ್ತುಬಿಟ್ಟಳು. ಮೇಡಂ ಅವಳ ಹೆಗಲ ಮೇಲೆ ಬಲಗೈ ಇಟ್ಟು, "ಮುಂದ? ಕಾಲು ಹೇಳು," ಎಂದರು. ಅವಳು ಅಳುತ್ತಲೇ ಹೇಳಿದಳು. ಅವತ್ತು ನಾವು ಕಲಿತಷ್ಟು ಬೇರೆ ಎಂದೂ ಕಲಿಯಲಿಲ್ಲ. ಊಟಕ್ಕೆ ಮಾತ್ರ ಯಾರಿಗೂ ಮನಸ್ಸಾಗಲಿಲ್ಲ.

ತಮ್ಮನಿಗೆ ಅವರೇ ಹೇಳಿದರು. ಅವನು ಹೆದರಿದ. "ಅಕ್ಕಾ, ಇನ್ನ ನೀ ಅಡ್ಡಾಡೂದು ಬ್ಯಾಡ," ಎಂದು ಗಾಲಿಕುರ್ಚಿ ತರಿಸಿದ. "ಅದರ ಮ್ಯಾಲೆ ಕೂಡ್ಸಿದ್ರ ನಾ ಈ ಮನಿಯೊಳಗ ಇರೂದಿಲ್ಲ," ಎಂದು ಮೇಡಂ ಖಡಾಖಂಡಿತ ಹೇಳಿದರು. ಕುರ್ಚಿ ವಾಪಸು ಹೋಗಲಿಲ್ಲ. ಮಡಚಿ, ಹಳೆ ಚಾದರ ಹೊದಿಸಿ, ಅಟ್ಟದ ಕೆಳಗೆ ಇಟ್ಟರು. ಆ ಕಡೆ ಯಾರೂ ನೋಡುತ್ತಿರಲಿಲ್ಲ. ಅದು ಅಲ್ಲಿರುವುದು ಎಲ್ಲರಿಗೂ ಗೊತ್ತಿತ್ತು.

ನಾನು ವಾರಕ್ಕೊಮ್ಮೆ ಇಂಡಿಗೆ ಹೋಗುತ್ತೇನೆ. ಅಂಗಳದಲ್ಲಿ ಅವರನ್ನು ನಡೆಸುತ್ತೇನೆ. ಹಾಡಿನ ತಾಳಕ್ಕೆ, ಚಪ್ಪಾಳೆಗೆ, ಕಾಲು ಎತ್ತೆತ್ತಿ. ಬಹಳ ದಿನ ಚೆನ್ನಾಗಿ ನಡೆದರು. ಬಿಡುವಿದ್ದಾಗ ತಮ್ಮನೂ ಪಕ್ಕದಲ್ಲಿ ನಡೆಯುವುದನ್ನು ಕಲಿತ. ಒಮ್ಮೆಯೂ ಬಿದ್ದಿಲ್ಲ. ಇದನ್ನು ನಾನು ಗಟ್ಟಿಯಾಗಿ ಹೇಳುವುದಿಲ್ಲ, ಹೇಳಲು ಭಯ.

ಹೋದ ತಿಂಗಳು ಬೆಳಿಗ್ಗೆ ಅಂಗಳದ ನಡಿಗೆ ಮುಗಿಸಿ ಒಳಗೆ ಹೊರಟೆವು. ಒಳಗಿನಿಂದ ಜೋಳದ ಭಕ್ರಿ ಸುಡುವ ವಾಸನೆ ಬರುತ್ತಿತ್ತು. ಅಡುಗೆಮನೆಯ ಬಾಗಿಲಿಗೆ ಬಂದಾಗ ಮೇಡಂ ನಿಂತರು. ನಾನು ಏನೂ ಕೇಳಿರಲಿಲ್ಲ.

"ಯಾಕ್ರಿ?"

"ಕಾಲು ಬರವಲ್ದು." ಕೆಳಗೆ ತಮ್ಮ ಪಾದಗಳನ್ನೇ ನೋಡುತ್ತಿದ್ದರು. "ನೆಲಾ ಹಿಡಕೊಂಡದ."

ಇಂಥ ದಿನ ಬರುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಅಂಗಳದಲ್ಲಿ ನಡೆಯುವ ಕಾಲು ಇಕ್ಕಟ್ಟಾದ ಬಾಗಿಲಿನಲ್ಲಿ ಹೆಪ್ಪುಗಟ್ಟುವುದು ಈ ರೋಗದ ಒಂದು ಹಂತ. ತಳ್ಳಬಾರದು, ಎಳೆಯಬಾರದು, ದಾಟಲು ಕಣ್ಣಿಗೆ ಒಂದು ಗುರುತು ಕೊಡಬೇಕು. ಬೇರೇನೂ ಸಿಗದೆ, ನಾನು ಬಾಗಿಲಿನಾಚೆ ಗೋಡೆ ಹಿಡಿದು ನಿಂತು, ನನ್ನ ಪಾದವನ್ನು ಅವರ ಮುಂದೆ ಅಡ್ಡ ಇಟ್ಟೆ.

"ದಾಟ್ರಿ ಮೇಡಂ."

"ಮಂದಿ ಕಾಲು ದಾಟಬಾರದು," ಎಂದರು. "ದಾಟಿದ್ರ ನೀ ಬೆಳಿಯೂದಿಲ್ಲ."

"ನಾ ಬೆಳದಾಗೇತ್ರಿ. ದಾಟ್ರಿ."

ತುಟಿಯ ಒಂದು ಮೂಲೆ ಮಾತ್ರ ನಕ್ಕಿತು. ಇನ್ನೊಂದು ಮೂಲೆ ಹಾಗೇ ಇತ್ತು. ಕಾಲು ಎತ್ತಿದರು, ದಾಟಿದರು, ಅಡುಗೆಮನೆಯೊಳಗೆ ಬಂದರು. ಎಂದಿನಂತೆ ಹಿತ್ತಲಲ್ಲಿ ಕೈ ತೊಳೆಯಲೆಂದು ಸರಾಗವಾಗಿ ನಡೆದು ಹೋದವರು ಹಿತ್ತಲ ಬಾಗಿಲಿನ ಮುಂದೆ ಮತ್ತೆ ನಿಂತರು. ತಮ್ಮನ ಹೆಂಡತಿ ಹೆಂಚಿನ ಕೆಳಗಿನ ಉರಿ ಆರಿಸಿ, ಹಿಟ್ಟಿನ ಕೈಯಲ್ಲೇ ನಮ್ಮಿಬ್ಬರನ್ನೂ ನೋಡುತ್ತ ನಿಂತಳು. ನಾನು ಹೋಗಿ ಮತ್ತೆ ಕಾಲು ಅಡ್ಡ ಇಟ್ಟೆ. ಈ ಸಲ ಮೇಡಂ ತಕ್ಷಣ ದಾಟಲಿಲ್ಲ. ತಲೆ ತಿರುಗಿಸಿ, ಅಟ್ಟದ ಕೆಳಗೆ ಹಳೆ ಚಾದರ ಹೊದ್ದ ಕುರ್ಚಿಯ ಕಡೆ ನೋಡಿದರು.